ಏಳನೇ ಬೆಡ್ಡಿನ ಬಾಯಿ

ಹೊನ್ನೂರಸ್ವಾಮಿ, ಆರು ವರ್ಷ, ಬಂಡಿಹಟ್ಟಿ.
ಮೇ ತಿಂಗಳ ಧಗೆಗೆ ಅವ್ವನ ಹೊಲಿಗೆ ಮಶೀನಿನ ಕೆಳಗೆ
ಜೀನ್ಸ್ ತುಂಡುಗಳ ಗುಡ್ಡೆಯ ಮೇಲೆ ಮಲಗಿದವನು.
ಕಟ್ಟುಹಾವು. ರಕ್ತವಿಲ್ಲ, ಉರಿಯಿಲ್ಲ, ಚೀರಲೂ ಇಲ್ಲ.
ನಸುಕಿಗೆ ರೆಪ್ಪೆ ಕಟ್ಟಿತು,
ಚಹಾದ ಹೊತ್ತಿಗೆ ನಾಲಗೆ ಕಟ್ಟಿತು,
ಆಟೋ ಕೌಲ್ ಬಜಾರ್ ದಾಟುವಾಗ
ಉಸಿರು.

ಈಗ ಉಸಿರು ಯಂತ್ರದ ಪಾಲು,
ಬಾಯಿ ನನ್ನ ಪಾಲು.

ಎಂಟು, ಹನ್ನೆರಡು, ನಾಲ್ಕು.
ಮಿಕ್ಕವರು ಮಾನಿಟರಿನ ಅಂಕಿ ನೋಡುವಾಗ
ನಾನು ಪೆನ್ನಿನಷ್ಟುದ್ದ ಟಾರ್ಚು ಹಿಡಿದು
ಈ ಸಣ್ಣ ಗವಿಗೆ ಇಳಿಯುತ್ತೇನೆ.
ನುಂಗಲಾರದ ಬಾಯಲ್ಲಿ ಜೊಲ್ಲು ನಿಲ್ಲುತ್ತದೆ;
ನಿಂತ ನೀರಿನ ಗುಣ ಯಾರಿಗೆ ಗೊತ್ತಿಲ್ಲ.
ಅಲ್ಲಿ ಹುಟ್ಟಿದ್ದು ನಳಿಗೆಯ ಹೊರಮೈ ಹಿಡಿದು
ಹನಿಹನಿಯಾಗಿ ಎದೆಗಿಳಿದರೆ
ಹಾವು ಉಳಿಸಿದ್ದನ್ನು ಹಲ್ಲಿನ ಪಾಚಿ ಮುಗಿಸುತ್ತದೆ.

ಅದಕ್ಕೇ ತಲೆದಿಂಬಿನ ಕಡೆ ಮಂಚ ಎತ್ತರ.
ಅದಕ್ಕೇ ನನ್ನ ಕೈಗೆ ಬಳೆಯಿಲ್ಲ;
ಮದುವೆ ಮನೆಗಳಲ್ಲಿ ಮುದುಕಿಯರು
ಮೊದಲು ಮಣಿಕಟ್ಟು ನೋಡಿ, ಆಮೇಲೆ ಕೊರಳು ನೋಡುತ್ತಾರೆ.

ಕಟ್ಟುಹಾವು ಕಚ್ಚಿದವರಿಗೆ ಕಿವಿ ಕಟ್ಟಿರುವುದಿಲ್ಲ.
ಹಾಗಾಗಿ ಎಲ್ಲ ಹೇಳಿಯೇ ಮಾಡುತ್ತೇನೆ:
ಸ್ವಾಮೀ, ತುಟಿ ಒದ್ದಿ ಮಾಡ್ತೀನಿ.
ಈಗ ಬ್ರಷ್ಷು. ಎಡಗಡಿ ದವಡಿ.
ಈಗ ಸೊರ್ ಅಂತ ಸಪ್ಪಳ ಬರ್ತದ, ಹೆದರಬ್ಯಾಡ,
ಜೊಲ್ಲು ಎಳಕೊಳ್ಳೋ ಪೈಪು ಅದು, ಮತ್ತೇನಲ್ಲ.

ಮಾರೆಕ್ಕನ ಕೈ ನೀಲಿ.
ಪ್ಯಾಂಟು ಹೊಲಿದು ಹೊಲಿದು ಉಗುರಿನ ಬುಡಕ್ಕೆ ಇಳಿದ ನೀಲಿ.
ಒಳಗೆ ಬಿಡುವುದಿಲ್ಲವೇನೋ ಎಂದು
ಸಿಂಕಿನ ಮುಂದೆ ಮೂರು ಸಲ ಉಜ್ಜಿದಳು, ನಾಲ್ಕನೇ ಸಲವೂ.
ಸಾಕು ಬಾ, ಅಂದೆ. ಬಣ್ಣ ಕೊಳೆಯಲ್ಲ.
ಕೊಳೆ ಕಣ್ಣಿಗೆ ಕಾಣುವಂತಿದ್ದರೆ
ನಮಗಿಷ್ಟು ಕೆಲಸ ಇರುತ್ತಿರಲಿಲ್ಲ.

ಮೂರನೇ ರಾತ್ರಿ ಕೆಳಸಾಲಿನ ಮುಂಹಲ್ಲು
ಬ್ರಷ್ಷು ತಗುಲಿದೊಡನೆ ತಲೆಯಾಡಿಸಿತು.
ಹಾಲುಹಲ್ಲು. ಬೀಳುವ ಕಾಲಕ್ಕೆ ಬೀಳುತ್ತದೆ,
ಐಸಿಯು ಆದರೇನು, ಅಂಗಳ ಆದರೇನು ಅದಕ್ಕೆ.
ಇಲ್ಲಿ ಬಿದ್ದರೆ ಉಸಿರ ದಾರಿಗೇ ಜಾರುತ್ತದೆ.
ಡ್ಯೂಟಿ ಡಾಕ್ಟರು ನಿದ್ದೆಗಣ್ಣಲ್ಲಿ ಬಂದು
ನಿಂಬೆಯ ಬೀಜ ತೆಗೆದಂತೆ ತೆಗೆದರು.
ಹೆಸರು, ವಯಸ್ಸು, ಬೆಡ್ ನಂಬರು ಬರೆದು
ಡಬ್ಬಿಯಲ್ಲಿಟ್ಟೆ. ಬೆಳಿಗ್ಗೆ ಲ್ಯಾಬಿನ ಹುಡುಗ
ಎತ್ತಿ ಅಲ್ಲಾಡಿಸಿ ಕೇಳಿದ: ಇದಕ್ಕೆ ಯಾವ ಟೆಸ್ಟು ಮೇಡಂ?

"ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗೀಬೇಕ್ರಿ,
ಇಲ್ಲಾಂದ್ರ ಹೊಸಾದು ಹುಟ್ಟಂಗಿಲ್ಲ."
ಸಗಣಿ ಬಾಗಿಲಾಚೆ ಇರಲಿ, ಹಲ್ಲು ನಿಂದೇ, ಅಂದೆ.
ಸೆರಗಿನ ಗಂಟು ಬಿಚ್ಚಿ ಒಂದು ಜೇಬು ತೆಗೆದಳು,
ಪ್ಯಾಂಟಿನ ದೊಡ್ಡ ಜೇಬಿನೊಳಗೆ ಇರುತ್ತದಲ್ಲ, ಆ ಪುಟ್ಟದ್ದು,
ಇನ್ನೂ ಯಾವ ಪ್ಯಾಂಟಿಗೂ ಸೇರದ್ದು.
ಹಲ್ಲು ಒಳಗಿಟ್ಟು ಬಾಯಿ ಹೊಲಿದಳು.
ಆ ಜೇಬು ಯಾಕಿರುತ್ತದೆಂದು
ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಐದನೇ ರಾತ್ರಿ, ನಾಲ್ಕರ ಸರದಿ.
ಬಲದವಡೆ ಮುಗಿಸಿ ಬ್ರಷ್ಷು ಎಳೆದೆ. ಬರಲಿಲ್ಲ.
ನಳಿಗೆಗೆ ಸಿಕ್ಕಿತೇನೋ ಎಂದು ಟಾರ್ಚು ಬಿಟ್ಟೆ.
ಕಚ್ಚಿದ್ದ.
ಇಲಿಮರಿಯಷ್ಟು ಬಲ, ಆದರೂ
ಕಚ್ಚು ಅಂದರೆ ಕಚ್ಚೇ.
ಬಿಡೋ ಸ್ವಾಮೀ, ಅಂದೆ.
ಬಿಡಲಿಲ್ಲ.
ಬಿಡಬ್ಯಾಡ, ಅಂದೆ.

ಮಾಸ್ಕಿನೊಳಗೆ ಮೂಗು ಸೋರಿತು.
ಒರೆಸುವಂತಿಲ್ಲ, ಗ್ಲೌಸಿನ ಕೈ.
ಚಾರ್ಟಿನಲ್ಲಿ ಆಮೇಲೆ ಬರೆದೆ:
ನಾಲ್ಕು ಹತ್ತು. ಬಾಯಿ ಸ್ವಚ್ಛ. ಹುಣ್ಣಿಲ್ಲ.
ಬ್ರಷ್ ಕಚ್ಚಿದ್ದಾನೆ.
ಕೊನೆಯ ಸಾಲಿಗೆ ಚಾರ್ಟಿನಲ್ಲಿ ಕಾಲಂ ಇರಲಿಲ್ಲ,
ಅಂಚಿನಲ್ಲಿ ಬರೆದೆ.

ಎಂಟನೇ ಬೆಡ್ಡಿನ ಕೂಸಿಗೆ ಹಲ್ಲೇ ಬಂದಿಲ್ಲ.
ಅದಕ್ಕೆ ಬರೀ ಒದ್ದೆ ಅರಿವೆ, ಒಸಡು.
ನಲ್ಲಿ ತಿರುಗಿಸಿದೆ.
ನಸುಕಿನ ನಾಲ್ಕೂವರೆಗೂ
ಬಳ್ಳಾರಿಯ ಟಾಂಕಿ ನೀರು ಬಿಸಿ.